ಯುಐ ಕಾಂಪೊನೆಂಟ್‌ಗಳ ಸ್ಕ್ರೀನ್‌ಶಾಟ್ ತಾನಾಗಿಯೇ ತೆಗೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜೊತೆಗೆ ಕೆಲಸ ಮಾಡುವವರು, ಫ್ರಂಟ್‌ಎಂಡ್‌ಗೆ ಹೊಸದಾಗಿ ಬಂದವರು, ಬರೆದು ಕೇಳುವವರು ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋದರೂ ತೊಂದರೆ ಇಲ್ಲ.

## ಶುರು ಮಾಡುವವರಿಗೆ

ಇದು ನಿಜವಾಗಿ ಏನು ಮಾಡುತ್ತೆ? ನಾನೇ ಕೀಬೋರ್ಡ್ ಒತ್ತಿ ಸ್ಕ್ರೀನ್‌ಶಾಟ್ ತೆಗೆದರೆ ಸಾಲದಾ?

ಒಂದು ಪ್ರೋಗ್ರಾಂ ಬ್ರೌಸರ್ ತೆರೆಯುತ್ತದೆ. ಕಣ್ಣಿಗೆ ಯಾವ ವಿಂಡೋನೂ ಕಾಣಿಸುವುದಿಲ್ಲ, ಎಲ್ಲಾ ಹಿಂದೆಯೇ ನಡೆಯುತ್ತದೆ. ಇದೇ ಹೆಡ್‌ಲೆಸ್ ಬ್ರೌಸರ್. ಆ ಬ್ರೌಸರ್‌ನಲ್ಲಿ ನಿಮ್ಮ ಕಾಂಪೊನೆಂಟ್‌ಗಳನ್ನು, ಅಂದರೆ ಬಟನ್, ಕಾರ್ಡ್, ಫಾರಂ ಥರದ ಪುಟದ ಬಿಡಿಭಾಗಗಳನ್ನು, ಒಂದೊಂದಾಗಿ ಮೂಡಿಸಿ, ಒಂದೊಂದನ್ನೂ ಪಿಎನ್‌ಜಿ ಫೈಲಾಗಿ ಉಳಿಸುತ್ತದೆ. ಅಷ್ಟೇ.

ಎರಡೋ ಮೂರೋ ಚಿತ್ರ ಬೇಕಿದ್ದರೆ ಕೈಯಲ್ಲೇ ತೆಗೆಯಿರಿ, ಅದಕ್ಕೆ ಇಷ್ಟೆಲ್ಲಾ ಬೇಡ. ಆದರೆ ಒಂದು ಬಟನ್ನನ್ನೇ ನೋಡಿ. ಮುಖ್ಯ ಬಟನ್, ಎರಡನೇ ದರ್ಜೆಯದು, ಒತ್ತಲಾಗದ್ದು, ಲೋಡ್ ಆಗುತ್ತಿರುವುದು, ಐಕಾನ್ ಇರುವುದು, ಉದ್ದ ಪಠ್ಯದ್ದು: ಆರು ಆಯಿತು. ಲೈಟ್ ಮತ್ತು ಡಾರ್ಕ್ ಎರಡೂ ಬೇಕೆಂದರೆ 12. ನಾಳೆ ಯಾರೋ ಕೋಡ್‌ನಲ್ಲಿ ಒಂದು ಬಣ್ಣ ಬದಲಿಸುತ್ತಾರೆ, ಹನ್ನೆರಡನ್ನೂ ಮತ್ತೆ ತೆಗೆಯಬೇಕು. ಅದನ್ನು ಎರಡನೇ ಸಲ ಕೈಯಲ್ಲಿ ಮಾಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಕೈಯಲ್ಲಿ ತೆಗೆದ ಚಿತ್ರಗಳಿಗೆ ಇನ್ನೊಂದು ಕೊರತೆಯೂ ಇದೆ. ವಿಂಡೋ ಅಳತೆ ಒಂದೇ ಇರಲ್ಲ, ಜೂಮ್ ಬೇರೆ ಇರುತ್ತದೆ, ಮೌಸ್ ಎಲ್ಲೋ ಮೇಲೆ ನಿಂತಿರುತ್ತದೆ. ಹಾಗಾಗಿ ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ.

ಇದು ಟೆಸ್ಟಿಂಗ್‌ನವರಿಗೆ ಮಾತ್ರ ಅಲ್ವಾ?

ಅಲ್ಲ. ಹಳೆಯ ಚಿತ್ರ ಮತ್ತು ಹೊಸ ಚಿತ್ರ ಹೋಲಿಸಿ ಏನು ಕೆಟ್ಟಿತು ಎಂದು ಹಿಡಿಯುವುದು ದೊಡ್ಡ ಉಪಯೋಗ, ನಿಜ. ಆದರೆ ಡಾಕ್ಯುಮೆಂಟೇಶನ್‌ಗೆ ಹಾಕುವ ಚಿತ್ರಗಳು ಎಂದೂ ಹಳತಾಗದಂತೆ ನೋಡಿಕೊಳ್ಳಲೂ ಇದೇ ದಾರಿ. ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆಯನ್ನು ಸೇರಿಸುವ ಮೊದಲು ಉಳಿದವರ ಪರಿಶೀಲನೆಗೆ ಇಡುವ ಕೋರಿಕೆ) ಕೋಡ್ ಜೊತೆಗೆ ಹಿಂದಿನ ಮತ್ತು ಈಗಿನ ಚಿತ್ರ ಕಂಡರೆ ಡಿಸೈನರ್‌ಗಳೂ ವಿಮರ್ಶೆಗೆ ಬರುತ್ತಾರೆ. ಅನುವಾದ ಮಾಡುವವರಿಗೆ ತಾವು ಬರೆದ ಸಾಲು ಯಾವ ಬಟನ್ ಮೇಲೆ ಕೂರುತ್ತದೆ, ಹಿಡಿಯುತ್ತದೋ ಇಲ್ಲವೋ ಎಂದು ಕಾಣಿಸುತ್ತದೆ. ನನಗೆ ಕೇಳಿದರೆ ಈ ಕೊನೆಯ ಉಪಯೋಗವನ್ನು ತುಂಬಾ ತಂಡಗಳು ಬಳಸಿಕೊಂಡೇ ಇಲ್ಲ.

ಯಾವ ಟೂಲ್ ಹಿಡಿಯಲಿ? ಪಪೆಟೀರಾ, ಪ್ಲೇರೈಟಾ, ಇನ್ನೊಂದಾ?

ಈಗ ಹೊಸದಾಗಿ ಶುರು ಮಾಡುವುದಾದರೆ ಪ್ಲೇರೈಟ್ ಹಿಡಿಯಿರಿ. ಮೈಕ್ರೋಸಾಫ್ಟ್ ಇದನ್ನು 2020ರಲ್ಲಿ ಹೊರತಂದಿತು. ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ಒಂದೇ ರೀತಿಯ ಕೋಡ್‌ನಿಂದ ನಡೆಸುತ್ತದೆ, ಚಿತ್ರ ಹೋಲಿಸುವ ಸೌಲಭ್ಯ ಅದರ ಟೆಸ್ಟ್ ರನ್ನರ್‌ನಲ್ಲೇ ಇದೆ. ಪಪೆಟೀರ್ 2017ರಲ್ಲಿ ಕ್ರೋಮ್ ತಂಡದಿಂದ ಬಂದಿದ್ದು. ಚಿತ್ರ ತೆಗೆದು ಉಳಿಸುವುದಷ್ಟೇ ಕೆಲಸ ಎಂದಾದರೆ ಅದೂ ಚೆನ್ನಾಗಿಯೇ ಇದೆ, ಆದರೆ ಹೋಲಿಸುವ ಭಾಗವನ್ನು ನೀವೇ ಜೋಡಿಸಿಕೊಳ್ಳಬೇಕು.

ಹಳೆಯ ಲೇಖನಗಳಲ್ಲಿ ಫ್ಯಾಂಟಮ್‌ಜೆಎಸ್ ಹೆಸರು ಸಿಗುತ್ತದೆ. 2017ರಲ್ಲಿ ಕ್ರೋಮ್ 59ರ ಜೊತೆ ಹೆಡ್‌ಲೆಸ್ ಕ್ರೋಮ್ ಬಂದ ಮೇಲೆ ಅದರ ಕೆಲಸ ನಿಂತುಹೋಯಿತು. ಈಗ ಅದನ್ನು ಮುಟ್ಟಬೇಡಿ.

ಏನೂ ಇನ್‌ಸ್ಟಾಲ್ ಮಾಡದೆ ರುಚಿ ನೋಡಬೇಕೆ? ಕ್ರೋಮ್ ಅನ್ನು ಟರ್ಮಿನಲ್‌ನಿಂದ ಹೆಡ್‌ಲೆಸ್ ಮತ್ತು ಸ್ಕ್ರೀನ್‌ಶಾಟ್ ಎಂಬ ಎರಡು ಫ್ಲ್ಯಾಗ್ ಕೊಟ್ಟು ಒಂದು ವಿಳಾಸದ ಜೊತೆ ಓಡಿಸಿ. ಪಿಎನ್‌ಜಿ ಫೈಲ್ ಬಂದು ಬೀಳುತ್ತದೆ.

ಎಚ್‌ಟಿಎಂಎಲ್‌ಟುಕ್ಯಾನ್ವಾಸ್ ಹಾಕಿಕೊಂಡರೆ ಬ್ರೌಸರ್ ನಡೆಸುವ ತಾಪತ್ರಯವೇ ಇಲ್ವಲ್ಲಾ?

ಆ ಲೈಬ್ರರಿ ನಿಜವಾದ ಸ್ಕ್ರೀನ್‌ಶಾಟ್ ತೆಗೆಯುವುದಿಲ್ಲ. ಪುಟದ ಡಾಮ್ (ಬ್ರೌಸರ್ ಕಟ್ಟಿಕೊಳ್ಳುವ ಎಲಿಮೆಂಟ್‌ಗಳ ಮರ) ಓದಿ, ಸಿಎಸ್‌ಎಸ್ ನಿಯಮಗಳನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡು, ಕ್ಯಾನ್ವಾಸ್ ಮೇಲೆ ಹೊಸದಾಗಿ ಬರೆಯುತ್ತದೆ. ಅದಕ್ಕೆ ಗೊತ್ತಿಲ್ಲದ ಸಿಎಸ್‌ಎಸ್ ಗುಣ ಚಿತ್ರದಲ್ಲಿ ಬರುವುದೇ ಇಲ್ಲ. ಬಳಕೆದಾರರಿಗೆ ‘ಚಿತ್ರವಾಗಿ ಇಳಿಸಿಕೊಳ್ಳಿ’ ಎಂಬ ಬಟನ್ ಕೊಡುವಾಗ ಅದು ಸರಿ. ನಮಗೆ ಬೇಕಿರುವುದು ಬ್ರೌಸರ್ ಏನು ಬರೆಯಿತು ಎಂಬುದು. ಅದನ್ನು ಬ್ರೌಸರ್ರೇ ಕೊಡಬೇಕು.

ಇಡೀ ಪುಟ ಬೇಡ, ಒಂದೇ ಒಂದು ಬಟನ್ ಬೇಕು. ಕತ್ತರಿಸೋದು ಹೇಗೆ?

ಕತ್ತರಿಸಬೇಕಾಗಿಲ್ಲ. ಪ್ಲೇರೈಟ್‌ನಲ್ಲಿ ಲೊಕೇಟರ್ (ಪುಟದಲ್ಲಿ ಒಂದು ಎಲಿಮೆಂಟನ್ನು ಗುರುತಿಸುವ ಗುರುತು) ಹಿಡಿದು ಅದರ ಮೇಲೆಯೇ ಸ್ಕ್ರೀನ್‌ಶಾಟ್ ಕೇಳಬಹುದು. ಅದು ಎಲಿಮೆಂಟ್ ಕಾಣುವ ಜಾಗಕ್ಕೆ ಸ್ಕ್ರಾಲ್ ಮಾಡಿ, ಅದರ ಚೌಕಟ್ಟಿನಷ್ಟನ್ನೇ ತೆಗೆಯುತ್ತದೆ.

ಇಲ್ಲಿ ಒಂದು ಎಚ್ಚರ. ನೆರಳು ಮತ್ತು ಫೋಕಸ್ ಗೆರೆ ಎರಡೂ ಎಲಿಮೆಂಟ್‌ನ ಚೌಕಟ್ಟಿನ ಹೊರಗೆ ಮೂಡುತ್ತವೆ. ಬಟನ್ನನ್ನೇ ನೇರವಾಗಿ ತೆಗೆದರೆ ಅವೆರಡೂ ಕತ್ತರಿಸಿ ಹೋಗುತ್ತವೆ. ಅದಕ್ಕೇ ಪ್ರತಿ ಕಾಂಪೊನೆಂಟ್ ಸುತ್ತ 16 ಅಥವಾ 24 ಪಿಕ್ಸೆಲ್ ಪ್ಯಾಡಿಂಗ್ ಇರುವ ಒಂದು ಡಿವ್ ಹಾಕಿ, ಆ ಡಿವ್‌ನ ಚಿತ್ರ ತೆಗೆಯಿರಿ. ಹಿನ್ನೆಲೆ ಪಾರದರ್ಶಕ ಬೇಕಿದ್ದರೆ ಅದಕ್ಕೂ ಆಯ್ಕೆ ಇದೆ, ಪಿಎನ್‌ಜಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಜೆಪೆಗ್‌ನಲ್ಲಿ ಇಲ್ಲ.

ಪಿಎನ್‌ಜಿನೇ ಯಾಕೆ? ಜೆಪೆಗ್ ಸಣ್ಣದಾಗಿರುತ್ತಲ್ವಾ?

ಜೆಪೆಗ್ ಅಕ್ಷರಗಳ ಅಂಚಿನ ಸುತ್ತ ಕಲೆ ಬಿಡುತ್ತದೆ. ಹೋಲಿಸಬೇಕಾದ ಚಿತ್ರಕ್ಕೆ ಅದು ಆಗದು. ಮೇಲಾಗಿ ಬಟನ್, ಕಾರ್ಡ್‌ಗಳಲ್ಲಿ ಒಂದೇ ಬಣ್ಣದ ಜಾಗ ಜಾಸ್ತಿ, ಅಂಥವು ಪಿಎನ್‌ಜಿಯಲ್ಲೂ ಚಿಕ್ಕದಾಗಿಯೇ ಇರುತ್ತವೆ.

## ಕೆಲಸ ಶುರುವಾದ ಮೇಲೆ

ಸ್ಟೋರಿಬುಕ್‌ನಲ್ಲಿ ನೂರಾರು ಸ್ಟೋರಿ ಇವೆ. ಒಂದೊಂದಕ್ಕೂ ಟೆಸ್ಟ್ ಬರೆಯಬೇಕಾ?

ಒಂದಕ್ಕೂ ಬೇಡ. ಸ್ಟೋರಿಬುಕ್ ಎಂದರೆ ಕಾಂಪೊನೆಂಟ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಟೂಲ್, ಒಂದು ಕಾಂಪೊನೆಂಟ್‌ನ ಒಂದೊಂದು ಸ್ಥಿತಿ ಒಂದೊಂದು ಸ್ಟೋರಿ. ಸ್ಟೋರಿಬುಕ್ ಬಿಲ್ಡ್ ಮಾಡಿದಾಗ ಇಂಡೆಕ್ಸ್ ಎಂಬ ಜೇಸಾನ್ ಫೈಲ್ ಹುಟ್ಟುತ್ತದೆ. ಎಲ್ಲಾ ಸ್ಟೋರಿಗಳ ಐಡಿ ಅದರಲ್ಲಿರುತ್ತದೆ. ಅದನ್ನು ಓದಿ, ಒಂದು ಲೂಪ್ ಹಾಕಿ, ಪ್ರತಿ ಐಡಿಗೂ ಐಫ್ರೇಮ್ ಪುಟವನ್ನು ತೆರೆದು ಚಿತ್ರ ತೆಗೆದರೆ ಮುಗಿಯಿತು. ಐಫ್ರೇಮ್ ಪುಟದಲ್ಲಿ ಪಕ್ಕದ ಮೆನು, ಮೇಲಿನ ಪಟ್ಟಿ ಯಾವುದೂ ಇರುವುದಿಲ್ಲ, ನಿಮ್ಮ ಕಾಂಪೊನೆಂಟ್ ಒಂದೇ ಇರುತ್ತದೆ. ಹೊಸ ಸ್ಟೋರಿ ಬರೆದ ಕೂಡಲೇ ಅದರ ಚಿತ್ರವೂ ತಾನಾಗಿಯೇ ಬರುತ್ತದೆ. ಯಾರೂ ನೆನಪಿಟ್ಟುಕೊಂಡು ಸೇರಿಸಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಲಾಭ.

ಲೂಪ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ. ಆ ಫೈಲ್‌ನಲ್ಲಿ ಡಾಕ್ಸ್ ಪುಟಗಳೂ ಸೇರಿರುತ್ತವೆ, ಸ್ಟೋರಿ ಎಂಬ ಟೈಪ್ ಇರುವುದನ್ನಷ್ಟೇ ಆರಿಸಿಕೊಳ್ಳಿ. ಕೆಲವು ಸ್ಟೋರಿಗಳ ಒಳಗೆ ಪ್ಲೇ ಫಂಕ್ಷನ್ ಇರುತ್ತದೆ, ಅದು ಫಾರಂ ತುಂಬಿ ಬಟನ್ ಒತ್ತುತ್ತದೆ. ಅದು ಮುಗಿಯುವ ಮೊದಲೇ ಚಿತ್ರ ತೆಗೆದರೆ ಅರ್ಧ ತುಂಬಿದ ಫಾರಂ ಸಿಗುತ್ತದೆ.

ನಮ್ಮಲ್ಲಿ ಸ್ಟೋರಿಬುಕ್ ಇಲ್ಲ. ಇದಕ್ಕೋಸ್ಕರ ಹಾಕಬೇಕಾ?

ಇದೊಂದಕ್ಕೋಸ್ಕರ ಬೇಡ. ಡೆವಲಪ್‌ಮೆಂಟ್‌ನಲ್ಲಿ ಮಾತ್ರ ತೆರೆಯುವ ಒಂದು ರೂಟ್ ಮಾಡಿ. ಅಲ್ಲಿ ಕಾಂಪೊನೆಂಟ್‌ಗಳನ್ನು ಬೇರೆ ಬೇರೆ ಸ್ಥಿತಿಯಲ್ಲಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಡೇಟಾ ಆಟ್ರಿಬ್ಯೂಟ್‌ನಲ್ಲಿ ಹೆಸರು ಕೊಡಿ. ಸ್ಕ್ರಿಪ್ಟ್ ಆ ಹೆಸರುಗಳನ್ನು ಹುಡುಕಿ ಚಿತ್ರ ತೆಗೆಯುತ್ತದೆ, ಫೈಲ್ ಹೆಸರೂ ಅದೇ ಆಗುತ್ತದೆ. ಸಣ್ಣ ತಂಡಕ್ಕೆ ಇದು ಧಾರಾಳ ಸಾಕು.

ಏನೂ ಬದಲಿಸಿಲ್ಲ, ಆದರೂ ಪ್ರತಿ ಸಲ ಚಿತ್ರ ಬೇರೆ ಬರುತ್ತೆ. ಯಾಕೆ ಹೀಗೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಇಡೀ ವಿಷಯದ ತಿರುಳೂ ಇದೇ. ಚಿತ್ರ ತೆಗೆಯುವುದಕ್ಕೆ ಒಂದು ಸಾಲು ಕೋಡ್ ಸಾಕು. ಕಾಂಪೊನೆಂಟ್ ಅಲುಗಾಡದೆ ನಿಲ್ಲುವಂತೆ ಮಾಡುವುದೇ ನಿಜವಾದ ಕೆಲಸ.

ಒಂದು ಕಾಮೆಂಟ್ ಕಾರ್ಡ್ ತೆಗೆದುಕೊಳ್ಳೋಣ. ಮೇಲೆ ಬಳಕೆದಾರರ ಫೋಟೋ, ಪಕ್ಕದಲ್ಲಿ ಹೆಸರು, ‘3 ನಿಮಿಷದ ಹಿಂದೆ’ ಎಂಬ ಸಾಲು, ಕೆಳಗೆ ಉತ್ತರ ಬರೆಯುವ ಇನ್‌ಪುಟ್, ಕೊನೆಗೆ ತಿರುಗುವ ಲೋಡರ್. ಇಷ್ಟರಲ್ಲೇ ಅಲುಗಾಡುವ ಜಾಗಗಳು ಐದು ಇವೆ.

ಫೋಟೋ ನೆಟ್‌ವರ್ಕ್‌ನಿಂದ ಬರುತ್ತದೆ. ಒಮ್ಮೆ ಬಂದಿರುತ್ತದೆ, ಒಮ್ಮೆ ಬಂದಿರಲ್ಲ. ಹೊರಗಿನ ವಿಳಾಸವನ್ನೇ ಬಿಟ್ಟುಬಿಡಿ, ಪ್ರಾಜೆಕ್ಟ್ ಒಳಗಿನ ಫೈಲ್ ಕೊಡಿ, ಅದು ಪೂರ್ತಿ ಡಿಕೋಡ್ ಆಗುವವರೆಗೆ ಕಾಯಿರಿ. ಲೇಜಿ ಲೋಡಿಂಗ್ ಇದ್ದರೆ ಟೆಸ್ಟ್‌ನಲ್ಲಿ ಆಫ್ ಮಾಡಿ.

ಹೆಸರಿನ ಫಾಂಟ್ ತಡವಾಗಿ ಬಂದರೆ ಬ್ರೌಸರ್ ಮೊದಲು ಬೇರೆ ಫಾಂಟ್‌ನಲ್ಲಿ ಬರೆದು ಆಮೇಲೆ ಬದಲಿಸುತ್ತದೆ. ಎರಡರ ಅಗಲ ಬೇರೆ, ಸಾಲು ಮುರಿಯುವ ಜಾಗವೂ ಬೇರೆ. ಫಾಂಟ್‌ಗಳೆಲ್ಲಾ ಸಿದ್ಧವಾದ ಸುದ್ದಿಯನ್ನು ಡಾಕ್ಯುಮೆಂಟ್‌ನ ಫಾಂಟ್ಸ್ ರೆಡಿ ಪ್ರಾಮಿಸ್ ಕೊಡುತ್ತದೆ, ಅದಕ್ಕೆ ಕಾಯಿರಿ.

‘3 ನಿಮಿಷದ ಹಿಂದೆ’ ಎಂಬುದು ನಾಳೆ ‘1 ದಿನದ ಹಿಂದೆ’ ಆಗುತ್ತದೆ. ಗಡಿಯಾರವನ್ನು ಒಂದು ದಿನಾಂಕಕ್ಕೆ ನಿಲ್ಲಿಸಬೇಕು. ಪ್ಲೇರೈಟ್‌ನಲ್ಲಿ ಇದಕ್ಕೆ ಕ್ಲಾಕ್ ಎಂಬ ಸೌಲಭ್ಯವೇ ಇದೆ. ಟೈಮ್‌ಜೋನ್ ಮತ್ತು ಲೊಕೇಲ್ ಕೂಡ ನೀವೇ ಹೇಳಿಬಿಡಿ. ರ್‍ಯಾಂಡಮ್ ಸಂಖ್ಯೆಯಿಂದ ಬಣ್ಣವನ್ನೋ ಐಡಿಯನ್ನೋ ಮಾಡುತ್ತಿದ್ದರೆ ಅದಕ್ಕೂ ಗೊತ್ತಿರುವ ಸೀಡ್ (ಪ್ರತಿ ಸಲವೂ ಅದೇ ಸಾಲು ಬರುವಂತೆ ಮಾಡುವ ಆರಂಭದ ಸಂಖ್ಯೆ) ಕೊಡಿ.

ಇನ್‌ಪುಟ್‌ನಲ್ಲಿ ಕರ್ಸರ್ ಮಿನುಗುತ್ತದೆ. ಚಿತ್ರ ತೆಗೆದ ಗಳಿಗೆಯಲ್ಲಿ ಅದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಪ್ಲೇರೈಟ್ ಅದನ್ನು ತಾನೇ ಮರೆಮಾಡುತ್ತದೆ.

ಲೋಡರ್ ತಿರುಗುತ್ತಲೇ ಇರುತ್ತದೆ. ಪ್ಲೇರೈಟ್‌ನಲ್ಲಿ ಚಿತ್ರ ಹೋಲಿಸುವ ‘ಟು ಹ್ಯಾವ್ ಸ್ಕ್ರೀನ್‌ಶಾಟ್’ ಆಜ್ಞೆ ಅನಿಮೇಶನ್‌ಗಳನ್ನು ನಿಲ್ಲಿಸಿಯೇ ತೆಗೆಯುತ್ತದೆ. ಮುಗಿಯುವ ಅನಿಮೇಶನ್ ಆದರೆ ಕೊನೆಗೆ ಓಡಿಸುತ್ತದೆ, ಮುಗಿಯದ್ದಾದರೆ ಮೊದಲ ಸ್ಥಿತಿಗೆ ತರುತ್ತದೆ. ಇದು ಸಿಎಸ್‌ಎಸ್ ಅನಿಮೇಶನ್, ಟ್ರಾನ್ಸಿಶನ್ ಮತ್ತು ವೆಬ್ ಅನಿಮೇಶನ್‌ಗಳಿಗೆ ಮಾತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಫ್ರೇಮ್ ಫ್ರೇಮಾಗಿ ಓಡಿಸುವುದನ್ನು, ಕ್ಯಾನ್ವಾಸ್ ಚಾರ್ಟ್‌ಗಳನ್ನು ನೀವೇ ನಿಲ್ಲಿಸಬೇಕು. ಚಾರ್ಟ್ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಅನಿಮೇಶನ್ ಆಫ್ ಮಾಡುವ ಆಯ್ಕೆ ಇರುತ್ತದೆ.

ಇಷ್ಟೆಲ್ಲಾ ಯಾಕೆ, ಸುಮ್ನೆ ಎರಡು ಸೆಕೆಂಡ್ ಕಾಯಿಸಿದರೆ ಆಗಲ್ವಾ ಎಂದು ಕೇಳುತ್ತಾರೆ. ಬೇಡ. ವೇಗದ ಯಂತ್ರದಲ್ಲಿ ಆ ಎರಡು ಸೆಕೆಂಡ್ ದಂಡ, ನಿಧಾನದ ಯಂತ್ರದಲ್ಲಿ ಸಾಲದು. ಸಮಯಕ್ಕೆ ಕಾಯಬೇಡಿ, ಸ್ಥಿತಿಗೆ ಕಾಯಿರಿ.

ಡೈನಾಮಿಕ್ ಭಾಗವನ್ನು ಮಾಸ್ಕ್ ಮಾಡಿದರೆ ಸಾಕಲ್ವಾ?

ಮಾಸ್ಕ್ ಎಂದರೆ ಆ ಜಾಗದ ಮೇಲೆ ಒಂದು ಗುಲಾಬಿ ಬಣ್ಣದ ಚೌಕ ಕೂರಿಸುವುದು. ಹೊರಗಿನ ನಕ್ಷೆ, ವಿಡಿಯೋ ಇಂಥದ್ದಕ್ಕೆ ಸರಿ. ಆದರೆ ಚೌಕದ ಕೆಳಗೆ ಏನು ಕೆಟ್ಟರೂ ಕಾಣುವುದಿಲ್ಲ. ಚೌಕದ ಅಳತೆಯೂ ಒಳಗಿನ ಪಠ್ಯದ ಜೊತೆ ಹಿಗ್ಗಿ ಕುಗ್ಗುವುದರಿಂದ ದಿನಾಂಕಕ್ಕೆ ಮಾಸ್ಕ್ ಹಾಕಿದರೂ ಚಿತ್ರ ಅಲುಗಾಡಬಹುದು. ಸ್ಥಿರವಾದ ಡೇಟಾ ಕೊಡಲು ಆಗುವ ಕಡೆ ಮಾಸ್ಕ್ ಬೇಡ.

ನನ್ನ ಲ್ಯಾಪ್‌ಟಾಪಲ್ಲಿ ಪಾಸ್, ಸಿಐನಲ್ಲಿ ಫೇಲ್. ಎರಡೂ ಕಡೆ ಅದೇ ಕ್ರೋಮ್!

ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲಾ ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ಸರ್ವರ್. ಕ್ರೋಮ್ ಒಂದೇ ಇರಬಹುದು, ಅಕ್ಷರ ಬರೆಯುವ ವ್ಯವಸ್ಥೆ ಬೇರೆ. ಮ್ಯಾಕ್‌ನಲ್ಲಿ ಕೋರ್ ಟೆಕ್ಸ್ಟ್, ವಿಂಡೋಸ್‌ನಲ್ಲಿ ಡೈರೆಕ್ಟ್‌ರೈಟ್, ಲಿನಕ್ಸ್‌ನಲ್ಲಿ ಫ್ರೀಟೈಪ್. ಒಂದೇ ಅಕ್ಷರದ ಅಂಚನ್ನು ಇವು ಬೇರೆ ಬೇರೆ ಬೂದು ಬಣ್ಣಗಳಲ್ಲಿ ನಯ ಮಾಡುತ್ತವೆ. ಕಣ್ಣಿಗೆ ಕಾಣದ ವ್ಯತ್ಯಾಸ ಪಿಕ್ಸೆಲ್ ಹೋಲಿಕೆಗೆ ಚೆನ್ನಾಗಿ ಕಾಣುತ್ತದೆ. ಪ್ಲೇರೈಟ್ ತಾನು ಉಳಿಸುವ ಫೈಲ್ ಹೆಸರಿನಲ್ಲೇ ಬ್ರೌಸರ್ ಮತ್ತು ಆಪರೇಟಿಂಗ್ ಸಿಸ್ಟಂ ಹೆಸರು ಸೇರಿಸುವುದು ಇದೇ ಕಾರಣಕ್ಕೆ.

ಪರಿಹಾರ ಒಂದೇ: ಎಲ್ಲರೂ ಒಂದೇ ಕಡೆ ಚಿತ್ರ ತೆಗೆಯುವುದು. ಪ್ಲೇರೈಟ್‌ನ ಅಧಿಕೃತ ಡಾಕರ್ ಇಮೇಜ್ ಇದೆ, ಅಂದರೆ ಯಾವ ಯಂತ್ರದಲ್ಲೂ ಒಂದೇ ಥರ ಓಡುವಂತೆ ಕಟ್ಟಿಟ್ಟ ಪರಿಸರ. ಸಿಐನಲ್ಲೂ ಅದನ್ನೇ, ಲ್ಯಾಪ್‌ಟಾಪ್‌ನಲ್ಲೂ ಅದನ್ನೇ ಓಡಿಸಿ, ಮತ್ತು ಅದರ ವರ್ಶನ್ ಪ್ರಾಜೆಕ್ಟ್‌ನ ಪ್ಲೇರೈಟ್ ವರ್ಶನ್ ಜೊತೆ ಹೊಂದುವಂತೆ ನೋಡಿಕೊಳ್ಳಿ. ಡಾಕರ್ ಹಾಕಿಕೊಳ್ಳಲು ಆಗದವರಿದ್ದರೆ ಬೇಸ್‌ಲೈನ್ ಚಿತ್ರಗಳನ್ನು (ಹೋಲಿಕೆಗೆ ಆಧಾರವಾಗಿ ಉಳಿಸಿಡುವ ಚಿತ್ರಗಳು) ಸಿಐ ಮಾತ್ರ ಹುಟ್ಟಿಸಲಿ. ಲ್ಯಾಪ್‌ಟಾಪ್‌ನಲ್ಲಿ ತೆಗೆದ ಚಿತ್ರವನ್ನು ಕಮಿಟ್ ಮಾಡುವುದೇ ಬೇಡ ಎಂದು ತಂಡದಲ್ಲಿ ತೀರ್ಮಾನಿಸಿಕೊಳ್ಳಿ.

ಸಿಐನ ಚಿತ್ರದಲ್ಲಿ ಕನ್ನಡ ಅಕ್ಷರದ ಬದಲು ಬರೀ ಚೌಕ ಬರ್ತಿದೆ!

ಸಿಐನ ಕಂಟೇನರ್‌ನಲ್ಲಿ (ಡಾಕರ್ ಇಮೇಜ್‌ನಿಂದ ಓಡುವ ಪರಿಸರ) ಕನ್ನಡ ಫಾಂಟ್ ಇಲ್ಲ. ಲಿನಕ್ಸ್ ಇಮೇಜ್‌ಗಳಲ್ಲಿ ಜಾಗ ಉಳಿಸಲು ಫಾಂಟ್‌ಗಳನ್ನು ಕಡಿಮೆ ಇಟ್ಟಿರುತ್ತಾರೆ. ನೋಟೋ ಸಾನ್ಸ್ ಕನ್ನಡ ಹಾಕಿದರೆ ಸರಿಹೋಗುತ್ತದೆ. ಇನ್ನೂ ಒಳ್ಳೆಯದು ಫಾಂಟ್ ಫೈಲನ್ನು ಪ್ರಾಜೆಕ್ಟ್ ಜೊತೆಗೇ ಇಟ್ಟು ವೆಬ್‌ಫಾಂಟ್ ಆಗಿ ಕೊಡುವುದು. ಆಗ ಯಂತ್ರದಲ್ಲಿ ಏನಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಚೌಕ ಹೋದ ಮೇಲೂ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ನೋಡಿಕೊಂಡು ಲೈನ್ ಹೈಟ್ 1.2 ಇಟ್ಟು, ಓವರ್‌ಫ್ಲೋ ಹಿಡನ್ ಮಾಡಿದ ಬಟನ್‌ನಲ್ಲಿ ಆ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗಬಹುದು. ಸಾಮಾನ್ಯ ಟೆಸ್ಟ್‌ಗಳು ಇದನ್ನು ಎಂದೂ ಹಿಡಿಯುವುದಿಲ್ಲ, ಯಾಕೆಂದರೆ ಡಾಮ್‌ನಲ್ಲಿ ಪದ ಪೂರ್ತಿಯಾಗಿಯೇ ಇರುತ್ತದೆ. ಚಿತ್ರದಲ್ಲಿ ಮಾತ್ರ ಕಾಣುತ್ತದೆ. ಅದಕ್ಕೇ ನಾನು ಪ್ರತಿ ಪಠ್ಯದ ಕಾಂಪೊನೆಂಟ್‌ಗೂ ಒತ್ತಕ್ಷರ ತುಂಬಿದ ಒಂದು ಸ್ಟೋರಿ, ತುಂಬಾ ಉದ್ದ ಪದದ ಒಂದು ಸ್ಟೋರಿ ಇಡಿ ಎಂದು ಹೇಳುತ್ತೇನೆ.

ಹೋವರ್ ಮತ್ತು ಫೋಕಸ್ ಸ್ಥಿತಿಗಳ ಚಿತ್ರ ಹೇಗೆ ತೆಗೆಯೋದು?

ಹೋವರ್‌ಗೆ ಸ್ಕ್ರಿಪ್ಟ್‌ನಿಂದಲೇ ಮೌಸ್ ಅನ್ನು ಎಲಿಮೆಂಟ್ ಮೇಲೆ ಒಯ್ಯಿರಿ. ಚಿತ್ರವಾದ ಮೇಲೆ ಮೌಸ್ ಅನ್ನು ಮೂಲೆಗೆ ಕಳಿಸುವುದು ಮರೆಯಬೇಡಿ. ಇಲ್ಲದಿದ್ದರೆ ಅದೇ ಪುಟದಲ್ಲಿ ತೆಗೆಯುವ ಮುಂದಿನ ಚಿತ್ರಕ್ಕೂ ಹೋವರ್ ಅಂಟಿಕೊಳ್ಳುತ್ತದೆ.

ಫೋಕಸ್‌ಗೆ ಟ್ಯಾಬ್ ಕೀ ಒತ್ತಿಸಿ. ಬಟನ್ ಮೇಲೆ ಕ್ಲಿಕ್ ಮಾಡಿದರೆ ಫೋಕಸ್ ಬರುತ್ತದೆ, ಆದರೆ ಫೋಕಸ್ ವಿಸಿಬಲ್ ಗೆರೆ ಬರುವುದಿಲ್ಲ. ಕೀಬೋರ್ಡ್‌ನಿಂದ ಬಂದವರಿಗೆ ಕಾಣಬೇಕಾದ ಗೆರೆ ಅದು, ಹಾಗಾಗಿ ಕೀಬೋರ್ಡ್‌ನಿಂದಲೇ ತರಿಸಿ. ಎಲ್ಲಾ ಸ್ಥಿತಿಗಳನ್ನೂ ಒಂದೇ ಚಿತ್ರದಲ್ಲಿ ಸಾಲಾಗಿ ತೋರಿಸಬೇಕಿದ್ದರೆ ಸ್ಟೋರಿಬುಕ್‌ಗೆ ಸ್ಯೂಡೋ ಸ್ಟೇಟ್ಸ್ ಎಂಬ ಆಡ್‌ಆನ್ ಇದೆ.

ಮೋಡಲ್ ತೆರೆದಿದೆ, ಡ್ರಾಪ್‌ಡೌನ್ ತೆರೆದಿದೆ, ಆದರೆ ಚಿತ್ರದಲ್ಲಿ ಅವು ಇಲ್ಲವೇ ಇಲ್ಲ. ಎಲ್ಲಿ ಹೋದವು?

ಪೋರ್ಟಲ್ (ಎಲಿಮೆಂಟನ್ನು ತನ್ನ ಕಾಂಪೊನೆಂಟ್‌ನ ಹೊರಗೆ ಮೂಡಿಸುವ ವಿಧಾನ) ಮೂಲಕ ಪುಟದ ಬಾಡಿಯ ಕೊನೆಗೆ ಹೋಗಿ ಕೂತಿವೆ. ನೀವು ಕಾಂಪೊನೆಂಟ್‌ನ ಡಿವ್ ಹಿಡಿದು ತೆಗೆಯುತ್ತಿದ್ದೀರಿ, ಅವು ಅದರ ಒಳಗಿಲ್ಲ. ಇಂಥ ಸ್ಟೋರಿಗಳಿಗೆ ಎಲಿಮೆಂಟ್ ಬದಲು ಇಡೀ ವ್ಯೂಪೋರ್ಟ್ (ಬ್ರೌಸರ್‌ನಲ್ಲಿ ಪುಟ ಕಾಣುವ ಜಾಗ) ತೆಗೆಯಿರಿ. ವ್ಯೂಪೋರ್ಟ್ ಚಿಕ್ಕದಿಟ್ಟರೆ ಖಾಲಿ ಜಾಗ ಜಾಸ್ತಿ ಬರುವುದಿಲ್ಲ.

ಡಾರ್ಕ್ ಮೋಡ್, ಮೊಬೈಲ್, ರೆಟಿನಾ, ಮೂರು ಬ್ರೌಸರ್: ಎಲ್ಲಾ ತೆಗೀಬೇಕಾ?

ಲೆಕ್ಕ ಹಾಕಿ ನೋಡಿ. 40 ಸ್ಟೋರಿ, 2 ಥೀಮ್, 3 ಅಗಲ, 3 ಬ್ರೌಸರ್ ಎಂದರೆ 720 ಚಿತ್ರ. ಒಂದು ಫಾಂಟ್ ಬದಲಾದ ದಿನ 720ನ್ನೂ ಯಾರಾದರೂ ನೋಡಬೇಕು. ನೋಡುವುದಿಲ್ಲ, ಕಣ್ಣು ಮುಚ್ಚಿ ಒಪ್ಪುತ್ತಾರೆ.

ಹಾಗಾಗಿ ಆರಿಸಿ. ಥೀಮ್ ಎರಡೂ ಎಲ್ಲದಕ್ಕೂ ಇರಲಿ, ಬಣ್ಣದ ತಪ್ಪುಗಳು ಡಾರ್ಕ್‌ನಲ್ಲೇ ಅಡಗಿರುತ್ತವೆ. ಅಗಲಕ್ಕೆ ತಕ್ಕಂತೆ ರೂಪ ಬದಲಿಸುವ ಕಾಂಪೊನೆಂಟ್‌ಗಳಿಗೆ ಮಾತ್ರ ಬೇರೆ ಬೇರೆ ಅಗಲ ಕೊಡಿ. ಬಟನ್‌ಗೆ ಮೂರು ಅಗಲ ಯಾಕೆ? ರೆಟಿನಾ ಪರದೆಗೆಂದು ಎರಡು ಪಟ್ಟು ಸ್ಕೇಲ್ ಇಟ್ಟರೆ ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗುತ್ತವೆ, ಅದು ಡಾಕ್ಯುಮೆಂಟೇಶನ್ ಚಿತ್ರಗಳಿಗೆ ಬೇಕು, ಹೋಲಿಕೆಗೆ ಒಂದು ಪಟ್ಟು ಸಾಕು. ಬ್ರೌಸರ್ ಒಂದರಿಂದ ಶುರು ಮಾಡಿ. ಪ್ಲೇರೈಟ್‌ನ ವೆಬ್‌ಕಿಟ್ ಸಫಾರಿಗೆ ಹತ್ತಿರವಾದದ್ದು, ಸಫಾರಿಯೇ ಅಲ್ಲ ಎಂಬುದೂ ನೆನಪಿರಲಿ.

## ಆಳಕ್ಕೆ ಇಳಿದವರಿಗೆ

ಥ್ರೆಶೋಲ್ಡ್ ಎಷ್ಟಿಡಬೇಕು? 1% ಅಂದ್ರೆ ಸಣ್ಣದೇ ಅಲ್ವಾ?

ಥ್ರೆಶೋಲ್ಡ್ ಎಂದರೆ ಎಷ್ಟು ವ್ಯತ್ಯಾಸವನ್ನು ಬಿಟ್ಟುಬಿಡಬಹುದು ಎಂಬ ಮಿತಿ. ಇಲ್ಲಿ ಎರಡು ಬೇರೆ ಅಳತೆಗಳಿವೆ, ಜನ ಎರಡನ್ನೂ ಬೆರೆಸುತ್ತಾರೆ. ಒಂದು, ಒಂದು ಪಿಕ್ಸೆಲ್‌ನ ಬಣ್ಣ ಎಷ್ಟು ಬದಲಾದರೆ ಅದನ್ನು ಬದಲಾವಣೆ ಎನ್ನಬೇಕು ಎಂಬುದು. ಪ್ಲೇರೈಟ್‌ನಲ್ಲಿ ಇದರ ಡೀಫಾಲ್ಟ್ 0.2, ಅದು ಬಳಸುವ ಪಿಕ್ಸೆಲ್‌ಮ್ಯಾಚ್ ಲೈಬ್ರರಿಯ ಸ್ವಂತ ಡೀಫಾಲ್ಟ್ 0.1. ಇನ್ನೊಂದು, ಅಂಥ ಬದಲಾದ ಪಿಕ್ಸೆಲ್‌ಗಳು ಎಷ್ಟಿದ್ದರೆ ಫೇಲ್ ಮಾಡಬೇಕು ಎಂಬುದು.

ಎರಡನೆಯದಕ್ಕೆ 1% ಇಟ್ಟರೆ ಏನಾಗುತ್ತದೆ? 1280×720 ಅಳತೆಯ ಚಿತ್ರದಲ್ಲಿ 9,21,600 ಪಿಕ್ಸೆಲ್‌ಗಳಿವೆ. ಅದರ 1% ಎಂದರೆ 9,216, ಅಂದರೆ ಸರಿಯಾಗಿ 96×96ರ ಒಂದು ಚೌಕ. 24×24ರ ಐಕಾನ್‌ನಲ್ಲಿ ಇರುವುದೇ 576 ಪಿಕ್ಸೆಲ್. ಅಂಥ ಹದಿನಾರು ಐಕಾನ್ ಮಾಯವಾದರೂ ಟೆಸ್ಟ್ ಪಾಸ್ ಆಗುತ್ತದೆ!

ಆದ್ದರಿಂದ ಶೇಕಡಾ ಲೆಕ್ಕ ಬಿಟ್ಟು ಪಿಕ್ಸೆಲ್ ಸಂಖ್ಯೆಯಲ್ಲಿ ಹೇಳಿ, ಆದಷ್ಟು ಸೊನ್ನೆಯ ಹತ್ತಿರ ಇಡಿ. ಪರಿಸರ ಸ್ಥಿರವಾಗಿದ್ದರೆ ಸೊನ್ನೆಯೇ ಸಾಧ್ಯ. ಟೆಸ್ಟ್ ಆಗಾಗ ಬೀಳುತ್ತದೆ ಎಂದು ಥ್ರೆಶೋಲ್ಡ್ ಏರಿಸುತ್ತಾ ಹೋದರೆ ಕಾರಣ ಹಾಗೆಯೇ ಉಳಿಯುತ್ತದೆ, ಟೆಸ್ಟ್ ಮಾತ್ರ ಕುರುಡಾಗುತ್ತದೆ.

ಬೇಸ್‌ಲೈನ್ ಚಿತ್ರಗಳನ್ನು ಗಿಟ್‌ನಲ್ಲಿ ಇಡಬಹುದಾ? ರೆಪೊ ಊದಿಕೊಳ್ಳಲ್ವಾ?

ಇಡಬಹುದು, ಕೆಲವು ನೂರು ಸಣ್ಣ ಚಿತ್ರಗಳವರೆಗೆ ಅದೇ ಸರಳ ದಾರಿ. ಕೋಡ್ ಮತ್ತು ಅದರ ರೂಪ ಒಂದೇ ಕಮಿಟ್‌ನಲ್ಲಿ ಇರುತ್ತವೆ, ಹಳೆಯ ಬ್ರಾಂಚ್‌ಗೆ ಹೋದರೆ ಆಗಿನ ಚಿತ್ರವೇ ಸಿಗುತ್ತದೆ. ಆದರೆ ಪಿಎನ್‌ಜಿ ಬದಲಾದಾಗಲೆಲ್ಲಾ ಬಹುಮಟ್ಟಿಗೆ ಇಡೀ ಫೈಲ್ ಇತಿಹಾಸಕ್ಕೆ ಮತ್ತೆ ಸೇರುತ್ತದೆ. ಬೆಳೆಯುತ್ತಿದೆ ಅನ್ನಿಸಿದರೆ ದೊಡ್ಡ ಫೈಲ್‌ಗಳನ್ನು ಬೇರೆ ಕಡೆ ಇಡುವ ಗಿಟ್ ಎಲ್‌ಎಫ್‌ಎಸ್‌ಗೆ ಹೋಗಿ. ಅದಕ್ಕಿಂತ ದೊಡ್ಡದಾದರೆ ರೆಗ್‌ಸೂಟ್ ಥರದ ಟೂಲ್‌ನಿಂದ ಚಿತ್ರಗಳನ್ನು ಹೊರಗಿನ ಸ್ಟೋರೇಜ್‌ನಲ್ಲಿಟ್ಟು ಕಮಿಟ್ ಜೊತೆ ಹೊಂದಿಸಬಹುದು.

ಎರಡು ಬ್ರಾಂಚ್‌ನಲ್ಲೂ ಅದೇ ಚಿತ್ರ ಬದಲಾಗಿದೆ. ಮರ್ಜ್ ಕಾನ್‌ಫ್ಲಿಕ್ಟ್ ಬಂದರೆ ಯಾವುದನ್ನು ಇಟ್ಟುಕೊಳ್ಳಲಿ?

ಯಾವುದನ್ನು ಇಟ್ಟುಕೊಂಡರೂ ತಪ್ಪೇ. ಎರಡೂ ಕೋಡ್ ಸೇರಿದ ಮೇಲಿನ ರೂಪ ಎರಡು ಚಿತ್ರದಲ್ಲೂ ಇಲ್ಲ. ಸದ್ಯಕ್ಕೆ ಒಂದನ್ನು ಆರಿಸಿ ಕೋಡ್ ಮರ್ಜ್ ಮುಗಿಸಿ, ಆಮೇಲೆ ಚಿತ್ರವನ್ನು ಹೊಸದಾಗಿ ತೆಗೆಸಿ, ಕಣ್ಣಿಂದ ನೋಡಿ, ಕಮಿಟ್ ಮಾಡಿ.

ನಮ್ಮಲ್ಲಿ ಫೇಲ್ ಆದರೆ ಎಲ್ಲರೂ ಅಪ್‌ಡೇಟ್ ಕಮಾಂಡ್ ಓಡಿಸಿಬಿಡ್ತಾರೆ. ಇದನ್ನು ತಡೆಯೋದು ಹೇಗೆ?

ಅಪ್‌ಡೇಟ್ ಕಮಾಂಡ್ ಹಳೆಯ ಬೇಸ್‌ಲೈನ್ ಬದಲು ಹೊಸ ಚಿತ್ರವನ್ನೇ ಉಳಿಸಿಬಿಡುತ್ತದೆ. ಜನ ಅದನ್ನು ನೋಡದೆ ಓಡಿಸುವುದು ಟೂಲ್‌ನ ಸಮಸ್ಯೆ ಅಲ್ಲ, ನಂಬಿಕೆಯ ಸಮಸ್ಯೆ. ಸುಳ್ಳು ಎಚ್ಚರಿಕೆ ಜಾಸ್ತಿ ಬಂದಾಗ ಜನ ನೋಡುವುದನ್ನು ಬಿಡುತ್ತಾರೆ, ಅದರಲ್ಲಿ ಅವರ ತಪ್ಪು ಹುಡುಕುವುದರಲ್ಲಿ ಅರ್ಥವಿಲ್ಲ. ಮೊದಲು ಅಲುಗಾಡುವ ಚಿತ್ರಗಳನ್ನು ಸರಿಪಡಿಸಿ, ಸರಿಪಡಿಸಲಾಗದವನ್ನು ತೆಗೆದುಹಾಕಿ. ಯಾರೂ ನಂಬದ 300 ಚಿತ್ರಕ್ಕಿಂತ ಎಲ್ಲರೂ ನಂಬುವ 30 ಚಿತ್ರ ಮೇಲು.

ಆಮೇಲೆ ನೋಡುವ ಕೆಲಸ ಸುಲಭ ಮಾಡಿ. ಹಳೆಯದು, ಹೊಸದು, ವ್ಯತ್ಯಾಸ ಮೂರೂ ಪುಲ್ ರಿಕ್ವೆಸ್ಟ್‌ನಲ್ಲೇ ಕಾಣಬೇಕು, ಫೈಲ್ ಇಳಿಸಿಕೊಂಡು ತೆರೆಯುವಂತೆ ಇರಬಾರದು. ಅಪ್‌ಡೇಟ್ ಆದ ಚಿತ್ರಗಳನ್ನು ಕೋಡ್ ಬರೆದವರಲ್ಲದೆ ಇನ್ನೊಬ್ಬರು ಒಪ್ಪಲಿ. ಡಿಸೈನರ್ ಒಬ್ಬರು ಇದ್ದರೆ ಅವರೇ ಸರಿಯಾದ ವ್ಯಕ್ತಿ. ಎರಡು ಪಿಕ್ಸೆಲ್ ಜಾರಿದ್ದು ನಮಗಿಂತ ಮೊದಲು ಅವರಿಗೆ ಕಾಣುತ್ತದೆ.

ಬ್ರೌಸರ್ ಅಪ್‌ಗ್ರೇಡ್ ಮಾಡಿದ ದಿನ ಎಲ್ಲಾ ಚಿತ್ರಗಳೂ ಕೆಂಪು. ಏನು ಮಾಡಲಿ?

ಅಪ್‌ಗ್ರೇಡ್ ಅನ್ನು ಪ್ರತ್ಯೇಕ ಪುಲ್ ರಿಕ್ವೆಸ್ಟ್ ಮಾಡಿ. ಅದರಲ್ಲಿ ಬೇರೆ ಒಂದು ಸಾಲೂ ಬದಲಾಗಬಾರದು. ಹಾಗಿದ್ದರೆ ಅಲ್ಲಿ ಕಂಡ ಎಲ್ಲಾ ವ್ಯತ್ಯಾಸವೂ ಬ್ರೌಸರ್‌ನದೇ ಎಂದು ಖಚಿತವಾಗುತ್ತದೆ.

ಹೆಡ್‌ಲೆಸ್‌ನ ಬಗೆಯೂ ಬದಲಾಗಿರಬಹುದು, ನೋಡಿಕೊಳ್ಳಿ. ಹಳೆಯ ಹೆಡ್‌ಲೆಸ್ ಕ್ರೋಮ್ ನಿಜವಾದ ಕ್ರೋಮ್‌ಗಿಂತ ಬೇರೆಯೇ ಆದ ಒಂದು ಪ್ರೋಗ್ರಾಂ ಆಗಿತ್ತು. ಕ್ರೋಮ್ 112ರಿಂದ ಹೊಸ ಹೆಡ್‌ಲೆಸ್ ಬಂತು, ಅದು ಮಾಮೂಲಿ ಕ್ರೋಮ್‌ನದೇ ಕೋಡ್. 132ರಿಂದ ಹಳೆಯದನ್ನು ಹೆಡ್‌ಲೆಸ್ ಶೆಲ್ ಎಂಬ ಪ್ರತ್ಯೇಕ ಫೈಲಾಗಿ ಬೇರೆ ಮಾಡಿದರು. ಒಂದರಿಂದ ಇನ್ನೊಂದಕ್ಕೆ ಹೋದರೆ ಚಿತ್ರದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬರಬಹುದು.

ಎಲ್ಲಾ ಮುಗಿಯೋಕೆ ತುಂಬಾ ಹೊತ್ತು ಹಿಡಿಯುತ್ತೆ. ವೇಗ ಮಾಡೋದು ಹೇಗೆ?

ಪ್ರತಿ ಚಿತ್ರಕ್ಕೂ ಹೊಸ ಬ್ರೌಸರ್ ತೆರೆಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಬ್ರೌಸರ್ ಒಂದೇ ಇರಲಿ, ಕಾಂಟೆಕ್ಸ್ಟ್ (ಅದರೊಳಗಿನ ಪ್ರತ್ಯೇಕ ಸೆಶನ್) ಮಾತ್ರ ಹೊಸದಾಗಲಿ. ಡೆವ್ ಸರ್ವರ್ ಬದಲು ಬಿಲ್ಡ್ ಮಾಡಿದ ಸ್ಟೋರಿಬುಕ್ ಬಳಸಿ, ಪುಟಗಳು ಬೇಗ ತೆರೆಯುತ್ತವೆ. ಆಮೇಲೆ ಶಾರ್ಡಿಂಗ್. ಪ್ಲೇರೈಟ್‌ಗೆ ಶಾರ್ಡ್ 1/4, 2/4 ಎಂದು ಕೊಟ್ಟರೆ ನಾಲ್ಕು ಯಂತ್ರಗಳಿಗೆ ಕೆಲಸ ಹಂಚುತ್ತದೆ. ಒಂದೇ ಯಂತ್ರದಲ್ಲಿ ವರ್ಕರ್‌ಗಳನ್ನು ಸುಮ್ನೆ ಏರಿಸುತ್ತಾ ಹೋಗಬೇಡಿ, ಸಿಪಿಯು ಉಸಿರುಗಟ್ಟಿದಾಗ ಅಲುಗಾಟ ಮತ್ತೆ ಶುರುವಾಗುತ್ತದೆ.

ಕ್ರೋಮ್ಯಾಟಿಕ್, ಪರ್ಸಿ, ಆಪ್ಲಿಟೂಲ್ಸ್ ಥರದ ಸೇವೆಗೆ ದುಡ್ಡು ಕೊಡೋದು ಸರಿನಾ?

ಅವು ಮಾರುವುದು ಮುಖ್ಯವಾಗಿ ಎರಡನ್ನು: ಸ್ಥಿರವಾದ ಬ್ರೌಸರ್ ಪರಿಸರ, ಮತ್ತು ಚಿತ್ರ ನೋಡಿ ಒಪ್ಪುವ ಒಳ್ಳೆಯ ಪರದೆ. ಡಿಸೈನರ್‌ಗಳು ದಿನವೂ ನೋಡುವ ತಂಡಕ್ಕೆ ಆ ಪರದೆಯೊಂದೇ ಸಾಕಷ್ಟು ಬೆಲೆ ಬಾಳುತ್ತದೆ. ಇಬ್ಬರು ಮೂವರ ತಂಡವಾದರೆ ಡಾಕರ್ ಮತ್ತು ಪ್ಲೇರೈಟ್‌ನ ಎಚ್‌ಟಿಎಂಎಲ್ ರಿಪೋರ್ಟ್ ಸಾಕು. ಚಿತ್ರಗಳ ಸಂಖ್ಯೆಯ ಮೇಲೆ ಬಿಲ್ ಬರುವ ಕಡೆ ಮೇಲೆ ಹಾಕಿದ 720ರ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ಹೊರಗಿನ ಸೇವೆಗೆ ಕಳಿಸುವ ಚಿತ್ರಗಳಲ್ಲಿ ನಿಜವಾದ ಬಳಕೆದಾರರ ಹೆಸರು, ಇಮೇಲ್, ಫೋಟೋ ಇರಲೇಬಾರದು. ಪ್ರೊಡಕ್ಷನ್ ಡೇಟಾ ನಕಲು ಮಾಡಿ ಸ್ಟೋರಿ ಬರೆಯುವ ಅಭ್ಯಾಸ ಇದ್ದರೆ ಅದನ್ನು ಇವತ್ತೇ ಬಿಡಿ. ಪಠ್ಯವನ್ನಾದರೂ ಹುಡುಕಿ ಅಳಿಸಬಹುದು, ಚಿತ್ರದೊಳಗಿನ ಹೆಸರನ್ನು ಹುಡುಕುವುದು ಕಷ್ಟ.

ಸ್ಕ್ರೀನ್‌ಶಾಟ್ ಟೆಸ್ಟ್ ಇದ್ದರೆ ಬೇರೆ ಟೆಸ್ಟ್ ಬೇಡ ಅಲ್ವಾ?

ಬೇಕು. ಬಟನ್ ಚೆನ್ನಾಗಿ ಕಾಣುತ್ತದೆ ಎಂದು ಚಿತ್ರ ಹೇಳುತ್ತದೆ, ಒತ್ತಿದರೆ ಕೆಲಸ ಮಾಡುತ್ತದೆ ಎಂದು ಹೇಳುವುದಿಲ್ಲ. ಸ್ಕ್ರೀನ್ ರೀಡರ್‌ಗೆ ಏನು ಕೇಳಿಸುತ್ತದೆ ಎಂಬುದು ಚಿತ್ರದಲ್ಲಿ ಇರುವುದೇ ಇಲ್ಲ. ಇನ್ನು ಬೇಸ್‌ಲೈನ್ ತೆಗೆದ ದಿನವೇ ಬಣ್ಣದ ಕಾಂಟ್ರಾಸ್ಟ್ ಕಡಿಮೆ ಇದ್ದರೆ, ಟೆಸ್ಟ್ ಆ ತಪ್ಪನ್ನೇ ಜೋಪಾನವಾಗಿ ಕಾಯುತ್ತದೆ.

ಸ್ಟೋರಿಗಳ ಹೆಸರು ಬದಲಿಸಿದೆ, ಕೆಲವನ್ನು ಅಳಿಸಿದೆ. ಹಳೇ ಚಿತ್ರಗಳು ಫೋಲ್ಡರ್‌ನಲ್ಲೇ ಉಳಿದಿವೆ. ಪರವಾಗಿಲ್ವಾ?

ಟೆಸ್ಟ್ ಬೀಳುವುದಿಲ್ಲ, ಆದರೆ ಬಿಡಬೇಡಿ. ಹೊಸದಾಗಿ ಬಂದವರು ಫೋಲ್ಡರ್ ತೆರೆದು, ಇಲ್ಲದ ಕಾಂಪೊನೆಂಟ್‌ಗಳನ್ನು ಇದೆ ಎಂದುಕೊಳ್ಳುತ್ತಾರೆ. ಸುಲಭದ ದಾರಿ: ಬೇರೆ ಬ್ರಾಂಚ್‌ನಲ್ಲಿ ಬೇಸ್‌ಲೈನ್ ಫೋಲ್ಡರನ್ನು ಪೂರ್ತಿ ಅಳಿಸಿ, ಅದೇ ಡಾಕರ್ ಇಮೇಜ್‌ನಲ್ಲಿ ಎಲ್ಲವನ್ನೂ ಮತ್ತೆ ಹುಟ್ಟಿಸಿ. ಪರಿಸರ ಸ್ಥಿರವಾಗಿದ್ದರೆ ಗಿಟ್ ಡಿಫ್‌ನಲ್ಲಿ ಅಳಿದ ಫೈಲ್‌ಗಳು ಮಾತ್ರ ಕಾಣಬೇಕು. ಬದಲಾದ ಫೈಲ್ ಒಂದಾದರೂ ಕಂಡರೆ ಆ ಕಾಂಪೊನೆಂಟ್ ಇನ್ನೂ ಎಲ್ಲೋ ಅಲುಗಾಡುತ್ತಿದೆ, ಮೊದಲು ಅದನ್ನು ಹಿಡಿಯಿರಿ.